ಕ್ಯೂಆರ್ ಕೋಡ್ ಕಿತ್ತು ಹಾಕಿದ್ರೆ ಜಿಎಸ್‌ಟಿ ತಪ್ಪುತ್ತಾ? ಸಣ್ಣ ಅಂಗಡಿಯವರು ತಿಳಿದಿರಬೇಕಾದ ಲೆಕ್ಕಾಚಾರ

2025ರ ಜುಲೈನಲ್ಲಿ ರಾಜ್ಯದ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಅನ್ನೋ ಬರಹ ಕಾಣಿಸಿಕೊಂಡಿತ್ತು. 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ವಿವರ ತರಿಸಿಕೊಂಡ ವಾಣಿಜ್ಯ ತೆರಿಗೆ ಇಲಾಖೆ, ಜಿಎಸ್‌ಟಿ ಮಿತಿ ದಾಟಿದಂತೆ ಕಂಡ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದೇ ಇದಕ್ಕೆ ಕಾರಣ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿಯಂತೂ ಊರೂರು ಸುತ್ತಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿಗೆ ಬರಬೇಕಾದವರು ಬರಲೇಬೇಕು ಎಂದರು. 25ಕ್ಕೆ ಕರೆದಿದ್ದ ಬಂದ್ ಕೈಬಿಡಲಾಯಿತು.

ಗಲಾಟೆ ತಣ್ಣಗಾಯಿತು. ಕಿತ್ತಿದ್ದ ಸ್ಟಿಕ್ಕರ್‌ಗಳು ಹೆಚ್ಚಿನ ಕಡೆ ಮತ್ತೆ ಗೋಡೆಗೆ ಬಂದವು. ಆದರೆ ತಾಲ್ಲೂಕಿನ ಸಂತೆ, ಬಸ್ ಸ್ಟ್ಯಾಂಡ್, ಪೇಟೆ ಬೀದಿಯ ಅಂಗಡಿಗಳಲ್ಲಿ ಭಯ ಮಾತ್ರ ಹೋಗಿಲ್ಲ. 'ದಿನಕ್ಕೆ ಇಷ್ಟಕ್ಕಿಂತ ಜಾಸ್ತಿ ಫೋನ್‌ಪೇ ಬೇಡ', 'ಮಗನ ನಂಬರ್‌ಗೆ ಹಾಕಿ', 'ನೂರರ ಮೇಲಾದ್ರೆ ಕ್ಯಾಶ್ ಕೊಡಿ' ಎನ್ನುವ ಉಪಾಯಗಳು ಇನ್ನೂ ನಡೆದಿವೆ. ಈ ಉಪಾಯಗಳಲ್ಲಿ ಒಂದೂ ಕೆಲಸಕ್ಕೆ ಬರೋದಿಲ್ಲ. ಯಾಕೆ ಅಂತ ನೋಡೋಣ.

ತೆರಿಗೆ ಯುಪಿಐ ಮೇಲಲ್ಲ, ವ್ಯಾಪಾರದ ಮೇಲೆ

ಗ್ರಾಹಕ ನೋಟು ಕೊಟ್ಟರೂ, ಚಿಲ್ಲರೆ ಎಣಿಸಿದರೂ, ಸ್ಕ್ಯಾನ್ ಮಾಡಿದರೂ ಕಾನೂನಿನ ಕಣ್ಣಿಗೆ ಎಲ್ಲವೂ ವ್ಯಾಪಾರವೇ. ಯುಪಿಐಗೆ ಅಂತ ಬೇರೆ ಜಿಎಸ್‌ಟಿ ಇಲ್ಲ. ಇಲಾಖೆಗೆ ಯುಪಿಐ ಒಂದು ಸುಳಿವು ಅಷ್ಟೇ: ಈ ಅಂಗಡಿಯಲ್ಲಿ ಕನಿಷ್ಠ ಇಷ್ಟು ವಹಿವಾಟು ನಡೆದಿರಬಹುದು ಎಂದು ತೋರಿಸುವ ದಾಖಲೆ. ಕ್ಯೂಆರ್ ಕಿತ್ತರೆ ಸುಳಿವು ಕಡಿಮೆಯಾಗಬಹುದು, ಹೊಣೆ ಕಡಿಮೆಯಾಗಲ್ಲ. ಹೋಲ್‌ಸೇಲ್ ಅಂಗಡಿ, ಏಜೆನ್ಸಿ, ಡಿಸ್ಟ್ರಿಬ್ಯೂಟರ್ ನಿಮಗೆ ಮಾಲು ಕೊಟ್ಟ ಬಿಲ್ ಅವರ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಇನ್ನೊಂದು ಕಡೆ, ಖಾತೆಗೆ ಬಂದ ಹಣವೆಲ್ಲ ವ್ಯಾಪಾರವೂ ಅಲ್ಲ. ಬೆಂಗಳೂರಲ್ಲಿರುವ ಮಗಳು ಮನೆ ಖರ್ಚಿಗೆ ಕಳಿಸಿದ ದುಡ್ಡು, ಗೆಳೆಯ ವಾಪಸ್ ಕೊಟ್ಟ ಕೈಸಾಲ, ಚೀಟಿ ಎತ್ತಿದ ಹಣ, 'ಎರಡು ಸಾವಿರ ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಣ್ಣ' ಅಂತ ಕೇಳಿದ ಗಿರಾಕಿಯ ಹಣ, ಇವೆಲ್ಲ ಒಂದೇ ಖಾತೆಗೆ ಬಿದ್ದರೆ ದೂರದಿಂದ ನೋಡುವವರಿಗೆ ಮಾರಾಟದ ಹಾಗೇ ಕಾಣುತ್ತದೆ. ನೋಟಿಸ್ ಬಂದಾಗ ಇದನ್ನು ಬಿಡಿಸಿ ಹೇಳಬೇಕಾದವರು ಅಂಗಡಿಯವರೇ. ನಾಲ್ಕು ವರ್ಷ ಹಿಂದೆ ಬಂದ 8 ಸಾವಿರ ಯಾರದು, ಯಾತಕ್ಕೆ ಎಂದು ಕೇಳಿದರೆ ಯಾರಿಗೆ ನೆನಪಿರುತ್ತೆ?

40 ಲಕ್ಷ ಯಾರಿಗೆ, 20 ಲಕ್ಷ ಯಾರಿಗೆ

ಬಾಯಿಂದ ಬಾಯಿಗೆ ಹರಡಿರುವುದು '40 ಲಕ್ಷದವರೆಗೆ ಏನೂ ಇಲ್ಲ' ಎಂಬ ಮಾತು. ಇದು ಅರ್ಧ ಸತ್ಯ.

ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ. ಸೇವೆ ಕೊಡುವವರಿಗೆ 20 ಲಕ್ಷ. ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್. ದಿನದ ಲೆಕ್ಕಕ್ಕೆ ಇಳಿಸಿದರೆ 40 ಲಕ್ಷ ಅಂದರೆ ಸರಾಸರಿ ದಿನಕ್ಕೆ 11 ಸಾವಿರದ ಆಸುಪಾಸು, 20 ಲಕ್ಷ ಅಂದರೆ ಐದೂವರೆ ಸಾವಿರ. ಬಸ್ ಸ್ಟ್ಯಾಂಡ್ ಪಕ್ಕದ ಒಂದು ಓಡುವ ಅಂಗಡಿಗೆ ಇದು ದೊಡ್ಡ ಮೊತ್ತವೇನಲ್ಲ.

ಎಡವಟ್ಟು ಆಗೋದು ಮಧ್ಯದಲ್ಲಿ ನಿಂತವರಿಗೆ. ಹೋಟೆಲ್, ಟಿಫಿನ್ ಸೆಂಟರ್, ಕುಳಿತು ತಿನ್ನುವ ಅಂಗಡಿಗಳು ಊಟ ತಿಂಡಿ ಮಾರಿದರೂ ಜಿಎಸ್‌ಟಿಯಲ್ಲಿ ಅದು ಸೇವೆ. ಹಾಗಾಗಿ ಅವರ ಮಿತಿ 20 ಲಕ್ಷ. ಸ್ಟೇಷನರಿ ಅಂಗಡಿಯಲ್ಲೇ ಝೆರಾಕ್ಸ್ ಮಷೀನ್ ಇಟ್ಟಿದ್ದರೆ, ಮೊಬೈಲ್ ಬಿಡಿಭಾಗದ ಜೊತೆ ರಿಪೇರಿಯನ್ನೂ ಮಾಡುತ್ತಿದ್ದರೆ ಅದು 'ಬರೀ ಸರಕು' ಅಲ್ಲ, ಅಲ್ಲಿಗೂ 20 ಲಕ್ಷದ ಮಿತಿಯೇ. ಇನ್ನೂ ಕಡಿಮೆ ಜನರಿಗೆ ಗೊತ್ತಿರುವ ಒಂದು ವಿಷಯ ಇದೆ: ಐಸ್‌ಕ್ರೀಂ, ಪಾನ್ ಮಸಾಲಾ ಮತ್ತು ಬೀಡಿ, ಸಿಗರೇಟು ಸೇರಿದಂತೆ ಯಾವುದೇ ತಂಬಾಕು ಪದಾರ್ಥ ಮಾರುವವರಿಗೆ 40 ಲಕ್ಷದ ರಿಯಾಯಿತಿ ಅನ್ವಯಿಸುವುದಿಲ್ಲ. ಕಿರಾಣಿ ಅಂಗಡಿಯ ಮೂಲೆಯಲ್ಲಿ ಸಿಗರೇಟಿನ ಒಂದು ಡಬ್ಬಿ ಇಟ್ಟವರೂ ಇದನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಪಕ್ಕದ ರಾಜ್ಯಕ್ಕೆ ಮಾಲು ಕಳಿಸುವವರ ಕಥೆ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ತಗೊಂಡು ತೆರಿಗೆ ಇರುವ ಸರಕನ್ನು ಗೋವಾಕ್ಕೋ ಸೊಲ್ಲಾಪುರಕ್ಕೋ ಪಾರ್ಸೆಲ್ ಹಾಕುತ್ತಿದ್ದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕೇ ಬೇಕು.

ಒಂದೇ ಪ್ಯಾನ್ ಮೇಲೆ ಎರಡು ಅಂಗಡಿ ಇದ್ದರೆ ಎರಡರ ವ್ಯಾಪಾರವನ್ನೂ ಕೂಡಿಸುತ್ತಾರೆ. ಒಂದು ಪೇಟೆಯಲ್ಲಿ, ಇನ್ನೊಂದು ಹಳ್ಳಿಯಲ್ಲಿ ಅನ್ನುವ ಲೆಕ್ಕ ಇಲ್ಲ.

'ನಂಗೆ ಉಳಿಯೋದೇ ಐದು ಪರ್ಸೆಂಟ್' ಅನ್ನುವವರಿಗೆ

ಅಂಗಡಿಯವರ ನಿಜವಾದ ಸಂಕಟ ಇರುವುದು ಇಲ್ಲಿ. ದಿನಕ್ಕೆ 12 ಸಾವಿರ ವ್ಯಾಪಾರ ಆಗಬಹುದು, ಆದರೆ ಅದರಲ್ಲಿ ಹತ್ತೂವರೆ ಹನ್ನೊಂದು ಸಾವಿರ ಮಾಲಿಗೇ ಹೋಗುತ್ತದೆ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದರೆ ಮನೆಗೆ ಒಯ್ಯುವುದು ಕೂಲಿಯಷ್ಟೇ. ಇಂಥವರಿಗೆ '44 ಲಕ್ಷದ ವಹಿವಾಟುದಾರ' ಅನ್ನೋ ಪಟ್ಟ ಕೊಟ್ಟರೆ ಸಿಟ್ಟು ಬರೋದು ಸಹಜ. ಅವರ ಮಾತು ಸುಳ್ಳಲ್ಲ. ಆದರೆ ಜಿಎಸ್‌ಟಿ ನೋಂದಣಿಯ ಮಿತಿ ನೋಡೋದು ವಹಿವಾಟನ್ನು, ಲಾಭವನ್ನಲ್ಲ. ಲಾಭದ ಪ್ರಶ್ನೆ ಬರೋದು ಆದಾಯ ತೆರಿಗೆಯಲ್ಲಿ. ಅಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂದಾಜು ಆದಾಯದ ಪದ್ಧತಿ ಇದೆ. ವಹಿವಾಟು 2 ಕೋಟಿ ಒಳಗಿದ್ದರೆ ಪುಸ್ತಕಗಳ ಗೋಜಿಲ್ಲದೆ ವಹಿವಾಟಿನ ಶೇ 8ರಷ್ಟನ್ನು ಆದಾಯ ಎಂದು ತೋರಿಸಬಹುದು. ತಮಾಷೆ ಅಂದರೆ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಈ ಪ್ರಮಾಣ ಶೇ 6 ಮಾತ್ರ. ಅಂದರೆ ಭಯಪಟ್ಟು ಕ್ಯಾಶ್‌ಗೆ ತಿರುಗಿದವರು ಇಲ್ಲಿ ತಾವಾಗೇ ಹೆಚ್ಚಿನ ಆದಾಯ ಒಪ್ಪಿಕೊಂಡ ಹಾಗೆ.

ಹಾಲು, ತರಕಾರಿ, ಹೂವಿನವರು

ತಾಜಾ ತರಕಾರಿ, ಹಣ್ಣು, ಬಿಡಿ ಹೂವು, ಮೊಟ್ಟೆ, ಹಾಲು, ಎಳನೀರು, ಬ್ರೆಡ್, ಉಪ್ಪು ಇವಕ್ಕೆ ಜಿಎಸ್‌ಟಿ ಇಲ್ಲ. ಚೀಲ ಬಿಚ್ಚಿ ತೂಗಿ ಕೊಡುವ ಅಕ್ಕಿ, ಬೇಳೆ, ಹಿಟ್ಟಿಗೂ ಇಲ್ಲ. ಆದರೆ 25 ಕೆ.ಜಿ. ಹಾಗೂ ಅದಕ್ಕಿಂತ ಕಡಿಮೆ ತೂಕದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಚೀಲಕ್ಕೆ 2022ರ ಜುಲೈ 18ರಿಂದ ಶೇ 5 ಇದೆ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು ವಹಿವಾಟು 40 ಲಕ್ಷವಲ್ಲ, ಕೋಟಿ ದಾಟಿದರೂ ನೋಂದಣಿ ಮಾಡಿಸಬೇಕಿಲ್ಲ. ಬರೀ ತರಕಾರಿ ಮಾರುವವರು ನೋಟಿಸ್ ಬಂದರೆ ಹೆದರದೆ ಇದನ್ನೇ ಉತ್ತರದಲ್ಲಿ ಬರೆಯಬೇಕು, ಎಪಿಎಂಸಿಯ ಖರೀದಿ ಚೀಟಿ ಲಗತ್ತಿಸಬೇಕು.

'ಮಾತ್ರ' ಅನ್ನುವ ಪದದಲ್ಲೇ ಎಲ್ಲ ಇರೋದು. ಒಂದು ಹಾಲಿನ ಅಂಗಡಿ ಅಂದುಕೊಳ್ಳಿ. ವರ್ಷಕ್ಕೆ 37 ಲಕ್ಷದ ಹಾಲು ಮಾರುತ್ತಾರೆ. ಗಿರಾಕಿ ಕೇಳ್ತಾರೆ ಅಂತ 4 ಲಕ್ಷದ ಬಿಸ್ಕತ್ತು, ಚಾಕೊಲೇಟ್ ಇಟ್ಟಿದ್ದಾರೆ. ತೆರಿಗೆ ಇರುವ ಮಾಲು ನಾಲ್ಕೇ ಲಕ್ಷ. ಆದರೆ ಮಿತಿ ನೋಡುವಾಗ ತೆರಿಗೆ ಇಲ್ಲದ ಹಾಲನ್ನೂ ಕೂಡಿಸುತ್ತಾರೆ. ಒಟ್ಟು 41 ಲಕ್ಷ, ನೋಂದಣಿ ಬೇಕು. ಹಾಗಂತ 41 ಲಕ್ಷಕ್ಕೂ ತೆರಿಗೆ ಬೀಳಲ್ಲ. ತೆರಿಗೆ ಬೀಳೋದು ಬಿಸ್ಕತ್ತು, ಚಾಕೊಲೇಟಿಗೆ ಮಾತ್ರ, ಅದೂ ಮಿತಿ ದಾಟಿದ ನಂತರದ ಮಾರಾಟಕ್ಕೆ. ಕೆಳಗೆ ಹೇಳುವ ಕಾಂಪೊಸಿಷನ್ ಪದ್ಧತಿಯಲ್ಲಾದರೆ ವರ್ಷಪೂರ್ತಿಗೆ 4 ಸಾವಿರ ರೂಪಾಯಿ. ಈ ನಾಲ್ಕು ಸಾವಿರಕ್ಕೆ ಹೆದರಿ ಲಕ್ಷಗಟ್ಟಲೆ ವ್ಯಾಪಾರ ಕೊಡುವ ಸ್ಕ್ಯಾನರ್ ಕಿತ್ತವರೂ ಇದ್ದಾರೆ.

ಕಾಂಪೊಸಿಷನ್: ಎಲ್ಲರಿಗೂ ಲಾಭವಲ್ಲ

ವಹಿವಾಟು 1.5 ಕೋಟಿ ಒಳಗಿರುವ ವ್ಯಾಪಾರಿಗಳಿಗೆ ರಾಜಿ ತೆರಿಗೆ ಅಥವಾ ಕಾಂಪೊಸಿಷನ್ ಎನ್ನುವ ಸುಲಭ ದಾರಿ ಇದೆ. ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಶೇ 1 ಕಟ್ಟಿದರೆ ಆಯಿತು. ಮದ್ಯ ಇಲ್ಲದ ಹೋಟೆಲ್‌ಗೆ ಶೇ 5. ಬೇರೆ ಸೇವೆ ಕೊಡುವವರಿಗೆ 50 ಲಕ್ಷದವರೆಗೆ ಶೇ 6. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಬೇಕು, ಮುಂದಿನ ತಿಂಗಳ 18ರೊಳಗೆ. ವರ್ಷಕ್ಕೊಂದು ರಿಟರ್ನ್, ಜೂನ್ 30ರೊಳಗೆ.

ಷರತ್ತುಗಳೂ ಇವೆ. ಗ್ರಾಹಕರಿಂದ ಜಿಎಸ್‌ಟಿ ಅಂತ ಪ್ರತ್ಯೇಕವಾಗಿ ಒಂದು ರೂಪಾಯಿಯೂ ಕೇಳುವ ಹಾಗಿಲ್ಲ, ಈ ಶೇ 1 ನಿಮ್ಮ ಲಾಭದಿಂದಲೇ ಹೋಗಬೇಕು. ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ, ಅಂದರೆ ಇನ್‌ಪುಟ್ ಕ್ರೆಡಿಟ್, ಇಲ್ಲ. ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಕಾಂಪೊಸಿಷನ್ ವ್ಯಾಪಾರಿ ಎಂದು ಅಂಗಡಿಯಲ್ಲಿ ಬೋರ್ಡ್ ಹಾಕಬೇಕು.

ಟ್ಯಾಕ್ಸ್ ಕೆಲಸ ಮಾಡಿಕೊಡುವವರ ಹತ್ತಿರ ಹೋದರೆ ಹೆಚ್ಚಾಗಿ 'ನೀವು ಸಣ್ಣವರು, ಕಾಂಪೊಸಿಷನ್ ಮಾಡ್ಸಿಬಿಡಿ' ಅಂತಾರೆ. ಸಹಿ ಹಾಕುವ ಮೊದಲು ಒಂದು ಲೆಕ್ಕ ಹಾಕಿಸಿ.

ವರ್ಷಕ್ಕೆ 50 ಲಕ್ಷ ರೂಪಾಯಿಯ, ಶೇ 5ರ ತೆರಿಗೆ ಇರುವ ಮಾಲು ಮಾರುವ ಅಂಗಡಿ. ಖರೀದಿ ಬೆಲೆ, ತೆರಿಗೆ ಸೇರಿ, 45 ಲಕ್ಷ. ಕಾಂಪೊಸಿಷನ್ ಆದರೆ 50 ಸಾವಿರ ಕಟ್ಟಬೇಕು. ಸಾಮಾನ್ಯ ಪದ್ಧತಿಯಲ್ಲಿ 50 ಲಕ್ಷದೊಳಗೆ ಅಡಗಿರುವ ತೆರಿಗೆ ಸುಮಾರು 2.38 ಲಕ್ಷ, ಖರೀದಿಯಲ್ಲಿ ಆಗಲೇ ಕೊಟ್ಟಿದ್ದು 2.14 ಲಕ್ಷ, ಕೈಯಿಂದ ಕಟ್ಟುವುದು 24 ಸಾವಿರದ ಹತ್ತಿರ. ಅರ್ಧಕ್ಕಿಂತ ಕಡಿಮೆ! ಅದೇ ಅಂಗಡಿ ಶೇ 18ರ ಮಾಲನ್ನು 42.5 ಲಕ್ಷಕ್ಕೆ ತಂದು 50 ಲಕ್ಷಕ್ಕೆ ಮಾರಿದರೆ ಸಾಮಾನ್ಯ ಪದ್ಧತಿಯಲ್ಲಿ ಕಟ್ಟಬೇಕಾದ್ದು 1.14 ಲಕ್ಷ, ಕಾಂಪೊಸಿಷನ್‌ನಲ್ಲಿ ಅದೇ 50 ಸಾವಿರ. ಒಟ್ಟಿನಲ್ಲಿ ತೆರಿಗೆ ದರ ಕಡಿಮೆ, ಲಾಭದ ಅಂಚೂ ಕಡಿಮೆ ಇದ್ದವರಿಗೆ ಕಾಂಪೊಸಿಷನ್ ದುಬಾರಿ ಬೀಳಬಹುದು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸೋಪು, ಶಾಂಪೂ, ಟೂತ್‌ಪೇಸ್ಟ್‌ನಂಥ ದಿನಬಳಕೆಯ ಬಹಳಷ್ಟು ಸಾಮಾನು ಶೇ 5ಕ್ಕೆ ಇಳಿದಿರುವುದರಿಂದ ಕಿರಾಣಿಯವರಿಗೆ ಈ ಲೆಕ್ಕ ಮೊದಲಿಗಿಂತ ಮುಖ್ಯ.

ಆದರೆ ಸಾಮಾನ್ಯ ಪದ್ಧತಿಗೆ ಹೋದರೆ ಎಲ್ಲ ಖರೀದಿಗೂ ನಿಮ್ಮ ಜಿಎಸ್‌ಟಿ ಸಂಖ್ಯೆ ಹಾಕಿದ ಬಿಲ್ ಬೇಕು, ಕೊಟ್ಟವರು ಅದನ್ನು ಪೋರ್ಟಲ್‌ಗೆ ಏರಿಸಿರಬೇಕು, ರಿಟರ್ನ್‌ಗಳೂ ಹೆಚ್ಚು. ಲೆಕ್ಕ ಬರೆಯುವವರಿಗೆ ತಿಂಗಳಿಗೆ ಕೊಡುವ ಫೀಸನ್ನೂ ಸೇರಿಸಿ ನೋಡಿ. ಹೆಚ್ಚು ಬಿಲ್ ಇಲ್ಲದೆ ಸಂತೆಯಲ್ಲಿ ಕೊಂಡು ತರುವವರಿಗೆ ಕಾಂಪೊಸಿಷನ್ನೇ ನೆಮ್ಮದಿ.

ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಫೋಟೋ, ಬ್ಯಾಂಕ್ ವಿವರ, ಅಂಗಡಿಯ ಬಾಡಿಗೆ ಕರಾರು ಅಥವಾ ಸ್ವಂತದ್ದಾದರೆ ಕರೆಂಟ್ ಬಿಲ್, ಕಂದಾಯದ ರಸೀದಿ ಇದ್ದರೆ ಸಾಕು. ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಗೆ ಹಾಕಿದವರಿಗೆ ಅದಕ್ಕೂ ಹಿಂದಿನ ಮಾರಾಟದ ಮೇಲೆ ತೆರಿಗೆ ಬರುವುದಿಲ್ಲ.

ಎರಡು ಖಾತೆ, ಒಂದು ನೋಟ್‌ಬುಕ್

ಇವತ್ತೇ ಮಾಡಬಹುದಾದ, ದುಡ್ಡು ಖರ್ಚಿಲ್ಲದ ಕೆಲಸ ಎಂದರೆ ಅಂಗಡಿಯ ಹಣ ಮತ್ತು ಮನೆಯ ಹಣವನ್ನು ಬೇರೆ ಮಾಡುವುದು. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ, ಅದಕ್ಕೆ ಮಾತ್ರ ಜೋಡಿಸಿದ ವ್ಯಾಪಾರಿ ಕ್ಯೂಆರ್. ಖಾಸಗಿ ನಂಬರಿನ ಕ್ಯೂಆರ್ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿದ್ದರೆ ಬದಲಿಸಿ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗಳ ಮೇಲೆ ಶುಲ್ಕ ಇಲ್ಲ. ಸೌಂಡ್‌ಬಾಕ್ಸ್‌ಗೆ ಮಾತ್ರ ಕಂಪನಿಗಳು ತಿಂಗಳ ಬಾಡಿಗೆ ಹಿಡಿಯುತ್ತವೆ. ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ, ಬೇಡದಿದ್ದರೆ ವಾಪಸ್ ಕೊಟ್ಟ ರಸೀದಿ ಇಟ್ಟುಕೊಳ್ಳಿ.

ಇದರ ಜೊತೆ ಒಂದು ಉದ್ದನೆಯ ನೋಟ್‌ಬುಕ್. ರಾತ್ರಿ ಬಾಗಿಲು ಹಾಕುವ ಮೊದಲು ಒಂದೇ ಸಾಲು: ತಾರೀಕು, ಕ್ಯಾಶ್ ವ್ಯಾಪಾರ, ಯುಪಿಐ ವ್ಯಾಪಾರ, ವ್ಯಾಪಾರವಲ್ಲದೆ ಬಂದ ಹಣ ಮತ್ತು ಯಾರಿಂದ, ಖರೀದಿ, ಖರ್ಚು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲಿನ ಮಾರಾಟಕ್ಕೆ ಬೇರೆ ಕಾಲಂ ಇದ್ದರೆ ಇನ್ನೂ ಒಳ್ಳೆಯದು. ಐದು ನಿಮಿಷದ ಕೆಲಸ. ಮೊಬೈಲ್ ಆ್ಯಪ್‌ನಲ್ಲಿ ಬರೆಯುವವರು ಬರೆಯಲಿ, ಆದರೆ ಫೋನ್ ಕಳೆದ ದಿನ ಲೆಕ್ಕವೂ ಕಳೆಯದಂತೆ ತಿಂಗಳಿಗೊಮ್ಮೆ ಪ್ರಿಂಟ್ ತೆಗೆದು ಇಡಬೇಕು. ಖರೀದಿಯ ಬಿಲ್‌ಗಳನ್ನು ಮೊಳೆಗೆ ಚುಚ್ಚಿ ಇಡುವ ಹಳೆಯ ಪದ್ಧತಿಯೂ ತಪ್ಪಲ್ಲ, ವರ್ಷಕ್ಕೊಂದು ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟರೆ ಸಾಕು. ಥರ್ಮಲ್ ಕಾಗದದ ಬಿಲ್ ಮಾತ್ರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಅದಕ್ಕೊಂದು ಫೋಟೋ ತೆಗೆದಿಡಿ.

ಏಪ್ರಿಲ್‌ನಿಂದ ಕೂಡಿಸುತ್ತಾ ಬಂದರೆ ದೀಪಾವಳಿ ಹೊತ್ತಿಗೇ ಗೊತ್ತಾಗುತ್ತದೆ, ಈ ವರ್ಷ ಮಿತಿ ದಾಟುತ್ತೇವೋ ಇಲ್ಲವೋ ಅಂತ.

ನೋಟಿಸ್ ಕೈಗೆ ಬಂದರೆ

ಮೊದಲು ಓದಿ, ಅಥವಾ ಓದಿಸಿ. ನೋಟಿಸ್ ಅಂದರೆ ದಂಡದ ಆದೇಶವಲ್ಲ, ವಿವರಣೆ ಕೇಳುವ ಪತ್ರ. ಉತ್ತರ ಕೊಡಲು ಎಷ್ಟು ದಿನ ಇದೆ ಎಂದು ಅದರಲ್ಲೇ ಬರೆದಿರುತ್ತದೆ. ಆ ದಿನ ದಾಟಿಸಿ ಸುಮ್ಮನೆ ಕೂರುವುದೇ ದೊಡ್ಡ ಅಪಾಯ, ಯಾಕೆಂದರೆ ಉತ್ತರ ಇಲ್ಲದಿದ್ದರೆ ಅಧಿಕಾರಿ ಇರುವ ಅಂಕಿಯ ಮೇಲೇ ತೀರ್ಮಾನ ಮಾಡಬಹುದು. ವರ್ಷವಾರು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಮನೆಯ ಹಣ, ಸಾಲ, ಚೀಟಿ ಇವನ್ನು ಗುರುತು ಮಾಡಿ, ಉಳಿದದ್ದರಲ್ಲಿ ತೆರಿಗೆ ಇಲ್ಲದ ಸರಕಿನ ಪಾಲು ಎಷ್ಟು ಎಂದು ಖರೀದಿ ಬಿಲ್ ಜೊತೆ ತೋರಿಸಿ. ಲಿಖಿತ ಉತ್ತರ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಗಾಬರಿ ಇದ್ದ ಕಡೆ ಮೋಸಗಾರರೂ ಬರುತ್ತಾರೆ. 'ಜಿಎಸ್‌ಟಿ ಆಫೀಸಿಂದ ಮಾತಾಡ್ತಿದೀವಿ, ನಿಮ್ಮ ಮೇಲೆ ಕೇಸ್ ಇದೆ, ಈ ನಂಬರ್‌ಗೆ ಇಷ್ಟು ಹಾಕಿ ಮುಗಿಸ್ಕೊಳ್ಳಿ' ಅಂತ ಫೋನ್ ಬಂದರೆ ಕಟ್ ಮಾಡಿ. ತೆರಿಗೆ ಕಟ್ಟುವುದು ಜಿಎಸ್‌ಟಿ ಪೋರ್ಟಲ್‌ನ ಚಲನ್ ಮೂಲಕ, ಯಾರದೋ ಫೋನ್‌ಪೇ ನಂಬರಿಗೆ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ನೋಟಿಸ್ ಮೇಲೆ ಅನುಮಾನ ಇದ್ದರೆ ಅದರ ಪ್ರಿಂಟ್ ಹಿಡಿದು ಸಮೀಪದ ವಾಣಿಜ್ಯ ತೆರಿಗೆ ಕಚೇರಿಗೇ ಹೋಗಿ ಕೇಳಿ. ಜೊತೆಗೆ ಬಂದ ಲಿಂಕ್ ಅಥವಾ ಎಪಿಕೆ ಫೈಲ್ ಒತ್ತಬೇಡಿ.

ಕೌಂಟರ್ ಮುಂದೆ ನಡೆಯುವ ಮೋಸಗಳು ಇನ್ನೂ ಸರಳ. 'ಪೇ ಆಯ್ತು ನೋಡಿ' ಎಂದು ಗಿರಾಕಿ ತೋರಿಸುವ ಪರದೆ ನಕಲಿ ಆ್ಯಪ್‌ನದ್ದೂ ಆಗಿರಬಹುದು. ನಂಬಬೇಕಾದ್ದು ನಿಮ್ಮ ಸೌಂಡ್‌ಬಾಕ್ಸ್ ಅಥವಾ ನಿಮ್ಮ ಫೋನನ್ನು ಮಾತ್ರ. ರಾತ್ರಿ ಹೊತ್ತು ಗೋಡೆಯ ಕ್ಯೂಆರ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ರೂಪಾಯಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಮೋಸ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಕರೆ ಹೋಗುತ್ತೋ, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಕರೆ ಮಾಡುವಾಗ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ.